ಹತ್ತು ಲಕ್ಷದ ಹಾಡಿಗೆ ಸಮ್ಮಾನ

೨೦೧೩ರ ಆಗಸ್ಟ್ ೩೧, ಶನಿವಾರ. ಆಧಾರ: ನನ್ನ ಅಂದಿನ ದಿನಚರಿಯ ಪುಟ, ಮತ್ತು ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿಟ್ಟ, ತಿರುವನಂತಪುರದಿಂದ ಕೊಚ್ಚಿಯ ವೈಟ್ಟಿಲಕ್ಕೆ ಪಡೆದ ಎರಡು ಬಸ್ ಟಿಕೆಟುಗಳು. ತಾರೀಕಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ಹಳೆಯ ಪಂಚಾಂಗ ತೆಗೆದು ನೋಡಿದ್ದೇನೆ, ಇದೆ.

ಅಂದು ಬಸ್ಸಿನಲ್ಲಿ ನನ್ನ ಮಗಳ ಸಂಗೀತದ ಟೀಚರ್ ತಮ್ಮ ರೇಷ್ಮೆ ಸೀರೆಯ ಮೇಲೆ, ಬಲತೊಡೆಯ ಜಾಗದಲ್ಲಿ, ಒಂದು ಕೈವಸ್ತ್ರ ಹಾಸಿಕೊಂಡು ಕುಳಿತಿದ್ದರು. ಅವರ ಎಲ್ಲ ಸೀರೆಗಳೂ ಮೊದಲು ಸವೆಯುತ್ತಿದ್ದುದು ಅಲ್ಲಿಯೇ. ನಲವತ್ತು ವರ್ಷ ತಾಳ ಹಾಕಿದ ಅಂಗೈ ಯಾವ ನೂಲನ್ನೂ ಉಳಿಸಿರಲಿಲ್ಲ. ಬಣ್ಣ ಮಾಸಿ, ಎಳೆ ಬಿಟ್ಟು, ಅಂಗೈಯಗಲದ ಒಂದು ತೆಳುಪು ಪ್ರತಿ ಸೀರೆಯಲ್ಲೂ ಕಾಣುತ್ತಿತ್ತು. ರೇಷ್ಮೆ ಸೀರೆ ಒಂದೇ ಇದ್ದುದರಿಂದ ಅದಕ್ಕೆ ಮಾತ್ರ ಈ ಕಾವಲು.

ಅವರು ಕಾಸರಗೋಡಿನ ಕಡೆಯವರು. ಸರ್ಕಾರದ ಕಾನೂನು ಇಲಾಖೆಯಲ್ಲಿದ್ದ ಪತಿಯೊಂದಿಗೆ ತಿರುವನಂತಪುರಕ್ಕೆ ಬಂದು, ಪತಿ ತೀರಿಕೊಂಡ ಮೇಲೂ ಚಾಲೈ ಪೇಟೆಯ ಹಿಂದಿನ ಬಾಡಿಗೆ ಮನೆಯಲ್ಲೇ ಉಳಿದು, ಊರಿನ ಕನ್ನಡ ಮನೆಗಳ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಅವರು ಟೀಚರ್. ನಾನು ಮೈಸೂರಿನವನು; ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಹಳೆಯ ಕನ್ನಡ ಹಸ್ತಪ್ರತಿಗಳ ಕಾಲನಿರ್ಣಯ ಮಾಡುತ್ತಿದ್ದವನು. ನನ್ನ ಮಗಳು ಏಳನೆಯ ವಯಸ್ಸಿನಿಂದ ಅವರ ಚಾಪೆಯ ಮೇಲೆ ಕುಳಿತು ಕಲಿತಳು.

ಪಾಠದ ನಡುವೆ ಪೇಟೆಯ ಗದ್ದಲ ಮನೆಯೊಳಗೆ ನುಗ್ಗುತ್ತಿತ್ತು. ಅವರು ಅದನ್ನು ಬಯ್ಯಲಿಲ್ಲ, ಬಳಸಿಕೊಂಡರು. "ಕೇಳಿತಾ? ಈರುಳ್ಳಿ ಲಾರಿಯ ಹಾರ್ನು ನಮ್ಮ ಪಂಚಮಕ್ಕಿಂತ ಒಂದು ಕೂದಲೆಳೆ ಕೆಳಗೆ ಉಂಟು. ನೀನು ಲಾರಿಗಿಂತಲೂ ಕೆಳಗೆ ಇದ್ದಿ. ಹತ್ತು ಮೇಲೆ!" ಮಗಳು ನಗುತ್ತ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ನಾನು ಅದಕ್ಕಾಗಿ ಗದರಿದಾಗ ಟೀಚರ್ ನನ್ನನ್ನೇ ತಡೆದರು. "ಬಿಡಿ ಮಾರಾಯ್ರೇ. ಮಾತಿಗೆ ಮಲಯಾಳ ಇರಲಿ. ಹಾಡಿಗೆ ಕನ್ನಡ ಉಂಟಲ್ಲ." ಇಂದಿಗೂ ನನ್ನ ಮಗಳ ಬಾಯಲ್ಲಿ ತಡವರಿಸದೆ ಬರುವ ಕನ್ನಡವೆಂದರೆ ಆ ಹಾಡುಗಳು ಮಾತ್ರ. ಅವನ್ನು ಕೊಟ್ಟವರು ನಾನಲ್ಲ.

ನಮ್ಮ ಊರಿನ ಕನ್ನಡ ಸಂಘದಲ್ಲಿ ಅವರಿಗೆ ಇನ್ನೊಂದು ಹೆಸರಿತ್ತು: ಪ್ರಾರ್ಥನೆಯ ಟೀಚರ್. ಪ್ರತಿ ವಾರ್ಷಿಕೋತ್ಸವದಲ್ಲಿ ಮೊದಲು ಅವರ ಪ್ರಾರ್ಥನೆ. ಮುಗಿಸಿ ಅವರು ವೇದಿಕೆ ಇಳಿದ ಮೇಲೆ ಬ್ಯಾಂಕಿನ ಮ್ಯಾನೇಜರಿಗೆ, ವರ್ಗವಾಗಿ ಹೋಗುವ ಅಧಿಕಾರಿಗೆ, ಶಾಲು, ಹಾರ, ಫಲತಾಂಬೂಲಗಳ ಸಮ್ಮಾನ. ಎರಡು ವರ್ಷ ಆ ಸಂಘದ ಕಾರ್ಯದರ್ಶಿಯಾಗಿ ಸಮ್ಮಾನಿತರ ಪಟ್ಟಿಯನ್ನು ನನ್ನ ಕೈಯಾರೆ ಬರೆದವನು ನಾನು. ಪ್ರಾರ್ಥನೆ ಹಾಡುವವರನ್ನೂ ಸಮ್ಮಾನಿಸಬಹುದೆಂದು ನನಗೆ ಹೊಳೆಯಲೇ ಇಲ್ಲ. ಅವರೇ ಒಮ್ಮೆ ನಕ್ಕು ಹೇಳಿದ್ದರು: "ಈ ಸೆಕೆಯಲ್ಲಿ ಶಾಲು ಹೊದ್ದುಕೊಳ್ಳುವ ಶಿಕ್ಷೆ ನನಗೆಂತಕ್ಕೆ?" ನಾನು ಅದನ್ನು ತಮಾಷೆಯೆಂದೇ ದಾಖಲಿಸಿಕೊಂಡೆ.

ಅವರ ಒಂದೇ ಒಂದು ಧ್ವನಿಮುದ್ರಣವಿತ್ತು. ಪತಿ ಮುತುವರ್ಜಿ ವಹಿಸಿ ಕೊಚ್ಚಿಯ ಸಣ್ಣ ಸ್ಟುಡಿಯೋ ಒಂದರಲ್ಲಿ ಮಾಡಿಸಿದ, ಕನ್ನಡ ದೇವರನಾಮಗಳ ಕ್ಯಾಸೆಟ್. ಅವರ ಬಳಿಯಿದ್ದ ಪ್ರತಿಗೆ ಬೂಷ್ಟು ಹಿಡಿದು ಟೇಪು ಅಂಟಿಕೊಂಡಿತ್ತು. ೨೦೧೩ರಲ್ಲಿ ಮಗಳು ಕಂಪ್ಯೂಟರಿನಲ್ಲಿ ಹಾಡು ಮಾರುವ ಅಂಗಡಿಯೊಂದನ್ನು ತಡಕಾಡುತ್ತಿದ್ದವಳು ತಟ್ಟನೆ ನಿಂತಳು. "ಅಪ್ಪಾ, ಇದ್ ನಮ್ಮುಡೆ ಟೀಚರುಡೆ ಶಬ್ದಂ ಅಲ್ಲೇ?" ಹೌದು, ನಮ್ಮ ಟೀಚರ ದನಿಯೇ. ಕ್ಯಾಸೆಟ್ ಕಂಪನಿಯವರು ಎಂದೋ ಯಾರಿಗೋ ಎಲ್ಲವನ್ನೂ ಒಟ್ಟಾಗಿ ಮಾರಿದ್ದರು. ಅದು ಕೈಯಿಂದ ಕೈಗೆ ದಾಟಿ ಅಲ್ಲಿಗೆ ಬಂದಿತ್ತು.

ಟೀಚರಿಗೆ ಹೇಳಿದೆ.

"ಅಂಗಡಿಯೇ ಇಲ್ಲದ ಅಂಗಡಿಯಲ್ಲಿ ನನ್ನನ್ನು ಮಾರ್ತಾ ಇದ್ದಾರಾ? ಹೆಸರು ಉಂಟಾ?"

"ಇಲ್ಲ. ವಿವಿಧ ಕಲಾವಿದರು ಅಂತ ಹಾಕಿದ್ದಾರೆ."

"ಹಾಡಿದ್ದು ನಾನೊಬ್ಬಳೇ ಮಾರಾಯ್ರೇ. ಈ ವಿವಿಧ ಯಾರು?"

ಆಮೇಲೆ, ಕೇಳಲೋ ಬೇಡವೋ ಎಂಬಂತೆ, ಒಂದು ಹಾಡನ್ನಾದರೂ ತರಿಸಿ ಕೇಳಿಸಬಹುದೇ ಎಂದರು. ನಾನು ನನ್ನ ಹೆಸರು, ನನ್ನ ಫೋನ್ ನಂಬರು ಕೊಟ್ಟು, ದುಡ್ಡು ಕಟ್ಟಿ ಒಂದು ಹಾಡನ್ನು ಡೌನ್‌ಲೋಡ್ ಮಾಡಿದೆ. ಇಪ್ಪತ್ತೇಳು ವರ್ಷಗಳ ಹಿಂದಿನ ತಮ್ಮ ದನಿಯನ್ನು ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಎರಡನೆಯ ಚರಣದಲ್ಲಿ ಉಸಿರು ಸಾಲಲಿಲ್ಲ" ಎಂದಷ್ಟೇ ಹೇಳಿದರು.

ಒಂದು ವಾರದ ಬಳಿಕ ಕೊಚ್ಚಿಯಿಂದ, ಆ ಹಾಡಿನಂಗಡಿಯ ಒಬ್ಬ ಹುಡುಗಿ ಫೋನ್ ಮಾಡಿದಳು. "ಸಾರೇ, ಪತ್ತು ಲಕ್ಷಂ ತಿಕಞ್ಞದ್ ಈ ಪಾಟ್ಟಾಣ್. ಸಮ್ಮಾನಂ ಉಂಡ್. ಶನಿಯಾಳ್ಚ ಎಡಪ್ಪಳ್ಳಿಯಿಲ್ ವರಣಂ." ಹತ್ತು ಲಕ್ಷ ತುಂಬಿದ್ದು ಈ ಹಾಡಿನಿಂದ, ಸಮ್ಮಾನವಿದೆ, ಶನಿವಾರ ಎಡಪ್ಪಳ್ಳಿಗೆ ಬರಬೇಕು. ಮೂವತ್ತೊಂದು ವರ್ಷ ಆ ರಾಜ್ಯದ ಅನ್ನ ತಿಂದಿದ್ದ ನಾನು ಅಷ್ಟನ್ನು ಸಲೀಸಾಗಿ ಅರ್ಥ ಮಾಡಿಕೊಂಡೆ. ಮರುಪ್ರಶ್ನೆ ಕೇಳಲಿಲ್ಲ. ಒಡೆದ ಓಲೆಗರಿಯ ಅರ್ಧ ಅಕ್ಷರಕ್ಕೆ ನಾಲ್ಕು ಪಾಠಾಂತರ ಹುಡುಕುತ್ತಿದ್ದವನು, ಬದುಕಿರುವ ಮನುಷ್ಯರ ಮಾತಿಗೆ ಒಂದನ್ನೂ ಹುಡುಕಲಿಲ್ಲ. ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ಕಾಲ ಕಳೆದ ನನಗೆ ಮಲಯಾಳದ ಲಿಪಿ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನೂ ಪಕ್ಕದವರಿಂದ ಓದಿಸಿಕೊಳ್ಳುತ್ತಿದ್ದೆ.

ಚಾಲೈಗೆ ಹೋಗಿ ಹೇಳಿದೆ: "ಟೀಚರ್, ನಿಮ್ಮ ಹಾಡಿನಿಂದ ಹತ್ತು ಲಕ್ಷ ತುಂಬಿತಂತೆ. ಎಡಪ್ಪಳ್ಳಿಯಲ್ಲಿ ನಿಮಗೆ ಸಮ್ಮಾನ ಮಾಡ್ತಾರಂತೆ."

"ಸಮ್ಮಾನ ಅಂತಲೇ ಹೇಳಿದ್ದಾ?"

"ಅದೇ ಪದ. ನನ್ನ ಕಿವಿಯಾರೆ ಕೇಳಿದ್ದೇನೆ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ನಂತರ ಒಳಗೆ ಹೋಗಿ ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಆ ನೋಟದಲ್ಲಿ ಅನುಮಾನವಿತ್ತೇ ಎಂದು ನಾನು ಎಷ್ಟೋ ಬಾರಿ ಕೇಳಿಕೊಂಡಿದ್ದೇನೆ. ಇದ್ದಿರಬೇಕು. ನಂಬಲು ಅವರೂ ನಿರ್ಧರಿಸಿದರು.

ಬಸ್ಸಿನಲ್ಲಿ ಅವರು ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ ಬರೆದ ನಾಲ್ಕು ಮಲಯಾಳ ವಾಕ್ಯಗಳನ್ನು ನನಗೆ ಓದಿ ಹೇಳಿದರು. ಮೊದಲನೆಯದು ಕೃತಜ್ಞತೆ. ಎರಡನೆಯದು ಪತಿಯ ಸ್ಮರಣೆ. ಮೂರನೆಯದು ಧ್ವನಿಮುದ್ರಣದ ವರ್ಷ. ನಾಲ್ಕನೆಯದು: ಈ ಕ್ಯಾಸೆಟ್ಟಿನಲ್ಲಿ ಹಾಡಿದವಳು ನಾನೊಬ್ಬಳೇ. ಮೂರನೆಯ ವಾಕ್ಯವನ್ನು ನಾನು ತಿದ್ದಿದೆ. ಮುದ್ರಣ ನಡೆದದ್ದು ೧೯೮೫ರ ಡಿಸೆಂಬರಿನಲ್ಲಿ, ಹೊದಿಕೆಯ ಮೇಲಿರುವ ೧೯೮೬ ಬಿಡುಗಡೆಯ ವರ್ಷ, ಎರಡನ್ನೂ ಬೆರೆಸಬಾರದು ಎಂದು ಕೊಲ್ಲಂ ದಾಟುವವರೆಗೆ ವಿವರಿಸಿದೆ. "ನಿಮ್ಮ ಹತ್ತಿರ ತಪ್ಪಿಸಿಕೊಳ್ಳಲಿಕ್ಕೆ ಇಸವಿಗೂ ಸಾಧ್ಯ ಇಲ್ಲ" ಎಂದು ಅವರು ನಕ್ಕು, ಪೆನ್ನು ಕೇಳಿ ತಿದ್ದಿಕೊಂಡರು.

ವೈಟ್ಟಿಲದಲ್ಲಿ ಇಳಿದು ಆಟೋ ಹಿಡಿದು ಎಡಪ್ಪಳ್ಳಿಯ ದೊಡ್ಡ ಮಾಲ್ ಸೇರಿದೆವು. ಚಲಿಸುವ ಮೆಟ್ಟಿಲುಗಳ ಕೆಳಗೆ ಪುಟ್ಟ ವೇದಿಕೆ, ಓಣಂ ಹೂವಿನ ಅಲಂಕಾರ, ಕಿವಿಗಡಚಿಕ್ಕುವ ಸಂಗೀತ. ಮೂರನೆಯ ಸಾಲಿನಲ್ಲಿ ಕುಳಿತೆವು. ವೇದಿಕೆಯ ಹಿಂದಿನ ಮಲಯಾಳ ಫಲಕವನ್ನು ಟೀಚರ್ ಓದಿದರು. ಇನ್ನೊಮ್ಮೆ ಓದಿದರು. ಕೈಯಲ್ಲಿದ್ದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದರು.

"ಏನಂತೆ?" ಎಂದೆ.

"ನಿಮ್ಮನ್ನು ಕರೀತಾರೆ. ತಯಾರಾಗಿ."

ನಿರೂಪಕಿ ಕೂಗಿದಳು: "ಪತ್ತು ಲಕ್ಷಾಮತ್ತೆ ಪಾಟ್ಟ್ ವಾಙ್ಙಿಯ ಭಾಗ್ಯಶಾಲಿ!" ಅಂಗಡಿಯ ಹತ್ತು ಲಕ್ಷನೆಯ ಹಾಡನ್ನು ಕೊಂಡ ಅದೃಷ್ಟವಂತ. ಹಿಂದೆಯೇ ನನ್ನ ಹೆಸರು, ಮುರಿದ ಉಚ್ಚಾರದಲ್ಲಿ. ನಾನು ಟೀಚರ ಕಡೆ ತಿರುಗಿದೆ.

"ಹೋಗಿ ಮಾರಾಯ್ರೇ. ಇಷ್ಟು ಜನ ನೋಡ್ತಾ ಇದ್ದಾರೆ."

ಹೋದೆ. ಹಾಡು ಕೇಳುವ ಪುಟ್ಟ ಯಂತ್ರವೂ ಕಿವಿಗೆ ಹಾಕುವ ಸಾಧನವೂ ಇದ್ದ ಬಣ್ಣದ ಪೆಟ್ಟಿಗೆಯೊಂದನ್ನು ನನ್ನ ಕೈಗಿತ್ತರು. ನಿರೂಪಕಿ ಮೈಕು ಮುಂದೆ ಹಿಡಿದಾಗ ನಾನು ಮೂರನೆಯ ಸಾಲಿನ ಕಡೆ ಕೈಯೆತ್ತಿ, ಈ ಹಾಡನ್ನು ಹಾಡಿದವರು ಅಲ್ಲಿ ಕುಳಿತಿದ್ದಾರೆ, ಅವರನ್ನು ಕರೆಯಿರಿ ಎಂದೆ. ಸಂಗೀತದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಹೀಗೆಂದು ನಾನು ಇಷ್ಟು ವರ್ಷವೂ ನೆನೆದಿದ್ದೇನೆ, ಹಲವರಿಗೆ ಹೇಳಿಯೂ ಇದ್ದೇನೆ.

ಕೆಳಗಿಳಿದು ಬಂದಾಗ ಫೋಟೋದವನು ನಮ್ಮ ಎದುರು ನಿಂತ. ಟೀಚರ್ ನನ್ನ ಪಕ್ಕದಲ್ಲಿದ್ದರು. "ಅಮ್ಮೇ, ಒನ್ನು ಮಾರಿ ನಿಲ್ಕೂ" ಎಂದ. ಅಮ್ಮಾ, ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಅವರು ಸರಿದರು. ನಾನು ಸರಿಯಲಿಲ್ಲ.

ಮರಳಿ ವೈಟ್ಟಿಲದ ಬಸ್ ನಿಲ್ದಾಣ. ಬಾಳೆಹಣ್ಣಿನ ಬಜ್ಜಿ ಕೊಂಡೆವು. ಎಣ್ಣೆ ಒರೆಸಲು ಅವರು ಚೀಲದಿಂದ ತೆಗೆದದ್ದು ಆ ಕ್ಯಾಲೆಂಡರಿನ ಹಾಳೆಯನ್ನೇ.

"ಟೀಚರ್, ನಾನು ತಿಳಿದುಕೊಂಡದ್ದು..."

"ಗೊತ್ತುಂಟು. ಸಮ್ಮಾನ ಅಂದರೆ ಇವರಿಗೆ ನಮ್ಮ ಬಹುಮಾನ. ನಮ್ಮ ಸಮ್ಮಾನಕ್ಕೆ ಇವರು ಬಹುಮಾನಂ ಅಂತ ಹೇಳ್ತಾರೆ. ಅಂಗನವಾಡಿ ಮಕ್ಕಳಿಗೂ ಗೊತ್ತಿರ್ತದೆ ಇಲ್ಲಿ." ಬಜ್ಜಿಯನ್ನು ಮುರಿದು ಅರ್ಧ ನನ್ನ ಕಡೆ ಚಾಚಿದರು. "ತಿನ್ನಿ. ಇವತ್ತು ಎರಡೂ ನಿಮಗೇ ಬಂತಲ್ಲ."

ಅದು ತಮಾಷೆಯಲ್ಲವೆಂದು ಈ ಬಾರಿ ನನಗೂ ತಿಳಿಯಿತು. ಪೆಟ್ಟಿಗೆಯನ್ನು ಅವರ ಕೈಗಿಡಲು ಹೋದೆ. "ನನ್ನ ಸ್ವರ ನನಗೆ ಕೇಳಿಸಲಿಕ್ಕೆ ಯಂತ್ರ ಬೇಡ" ಎಂದರು. ಮಗಳಿಗೆ ಕೊಟ್ಟೆ. ನಡೆದದ್ದನ್ನು ಕೇಳಿ ಅವಳು ನಗಲಿಲ್ಲ, "ಅಪ್ಪಾ, ಎನ್ನೋಡ್ ಒನ್ನು ಚೋದಿಚ್ಚೂಡಾಯಿರುನ್ನೋ?" ಎಂದಳು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಕೇಳಬಹುದಿತ್ತು. ಫೋನ್ ಬಂದಾಗ ಅವಳು ಪಕ್ಕದ ಕೋಣೆಯಲ್ಲೇ ಇದ್ದಳು.

ಆ ನವೆಂಬರಿನ ವಾರ್ಷಿಕೋತ್ಸವಕ್ಕೆ ಪ್ರಾರ್ಥನೆ ಹಾಡಲು ಕರೆಯಹೋದ ಸಂಘದವರಿಗೆ ಟೀಚರ್, "ಈ ಸಲ ವಿವಿಧ ಕಲಾವಿದರು ಹಾಡಲಿ" ಎಂದರಂತೆ. ಯಾರಿಗೂ ಅರ್ಥವಾಗಲಿಲ್ಲ. ನಾನು ವಿವರಿಸಲೂ ಇಲ್ಲ. ಮಕ್ಕಳಿಗೆ ಪಾಠ ಹೇಳುವುದನ್ನು ಮಾತ್ರ ಅವರು ಬಿಡಲಿಲ್ಲ. ಕೆಲವು ವರ್ಷಗಳ ಬಳಿಕ ಕಾಸರಗೋಡಿನ ತಂಗಿಯ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಾಗ ಉತ್ತರಕ್ರಿಯೆಗಳೆಲ್ಲ ಮುಗಿದಿದ್ದವು. ತಿಥಿಯನ್ನು ತಂಗಿ ಒಂದು ಹೇಳಿದರು, ಅವರ ಮಗ ಇನ್ನೊಂದು ಹೇಳಿದ. ಯಾವುದು ಸರಿಯೆಂದು ನಿಶ್ಚಯಿಸಲು ನನಗೆ ಸಾಧ್ಯವಾಗಿಲ್ಲ.

ಈ ಲೇಖನದ ವಿವರಗಳನ್ನು ತಾಳೆ ನೋಡುವಾಗ ಇನ್ನೊಂದು ದಾಖಲೆ ಸಿಕ್ಕಿತು. ಹಾಡು ಮಾರುವ ಆ ಅಂಗಡಿ ಮುಚ್ಚಿ ವರ್ಷಗಳಾಗಿವೆ, ಆದರೆ ಅಂದಿನ ಕಾರ್ಯಕ್ರಮದ ಚಿಕ್ಕ ವಿಡಿಯೊ ಅಂತರ್ಜಾಲದಲ್ಲಿ ಉಳಿದಿದೆ. ಕಳೆದ ವಾರ ಅದನ್ನು ಮೂರು ಸಲ ನೋಡಿದೆ. ನಿರೂಪಕಿ ಮೈಕು ಹಿಡಿಯುವ ಹೊತ್ತಿಗೆ ಸಂಗೀತ ನಿಂತಿದೆ. ಯಾರೋ ಕೆಮ್ಮಿದ್ದು ಸಹ ಕೇಳಿಸುತ್ತದೆ. ನಾನು, "ಥ್ಯಾಂಕ್ಯೂ, ವೆರಿ ಹ್ಯಾಪಿ" ಎನ್ನುತ್ತೇನೆ. ಬೇರೆ ಮಾತಿಲ್ಲ. ಕೈಯೆತ್ತಿದ್ದು ನಿಜ. ಅದು ಪೆಟ್ಟಿಗೆಯನ್ನು ಕ್ಯಾಮೆರಾಕ್ಕೆ ತೋರಿಸಲು.