ದಪ್ಪತಲೆ ಅಜ್ಜಿಯ ಹೆಸರು

ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರಲ್ಲಿ ನಮ್ಮ ಡಬ್ಬಿಂಗ್ ಸ್ಟುಡಿಯೊ. ಒಂದು ಪಕ್ಕ ಪ್ಲಾಸ್ಟಿಕ್ ಮುಚ್ಚಳ ಮಾಡುವವರು, ಇನ್ನೊಂದು ಪಕ್ಕ ಬ್ಯಾಗು ಹೊಲಿಯುವವರು. ಮಕ್ಕಳ ಕಾರ್ಟೂನುಗಳಿಗೆ ಕನ್ನಡದ ಮಾತು ಬರೆಯುವುದು ನನ್ನ ಕೆಲಸ. ಪಾತ್ರದ ತುಟಿ ಎಷ್ಟು ಹೊತ್ತು ಆಡುತ್ತದೋ ಅಷ್ಟರೊಳಗೆ ಮಾತು ಮುಗಿಯಬೇಕು.

ಹೋದ ವರ್ಷ ಡೈನೋಸಾರುಗಳ ಒಂದು ಸರಣಿ ಬಂತು. ಅದರಲ್ಲಿ ಒಬ್ಬಳು ಅಜ್ಜಿ. ಗುಮ್ಮಟದಂತೆ ಉಬ್ಬಿದ ಬೋಳು ಬುರುಡೆ, ಸಿಟ್ಟು ಬಂದರೆ ಮರಕ್ಕೆ ಡಿಕ್ಕಿ. ಪ್ರಾಣಿಯ ವೈಜ್ಞಾನಿಕ ಹೆಸರು ಪ್ಯಾಕಿಸೆಫಲೋಸಾರಸ್. ಗ್ರೀಕಿನಲ್ಲಿ ಅದರ ಅರ್ಥ ದಪ್ಪತಲೆಯ ಹಲ್ಲಿ, ಅಷ್ಟೆ. ನಿಜವಾಗಿ ಅದು ಡಿಕ್ಕಿ ಹೊಡೆಯುತ್ತಿತ್ತೋ ಇಲ್ಲವೋ ಎಂಬುದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲವಂತೆ. ಕಾರ್ಟೂನು, ವಿಡಿಯೊ ಗೇಮುಗಳಲ್ಲಿ ಮಾತ್ರ ಅದಕ್ಕೆ ಬೇರೆ ಕೆಲಸವೇ ಇಲ್ಲ. ನಮ್ಮ ಅಜ್ಜಿ ಪ್ರತಿ ಕಂತಿನಲ್ಲೂ ತನ್ನ ಪೂರ್ತಿ ಹೆಸರು ಕೂಗಿಕೊಂಡೇ ಬರುತ್ತಾಳೆ. ಆ ಹೆಸರನ್ನು ಹಾಗೇ ಇಡುವುದೋ ಕನ್ನಡಕ್ಕೆ ತರುವುದೋ ನಿಮಗೇ ಬಿಟ್ಟದ್ದು ಎಂದು ನಿರ್ದೇಶಕರು ನನಗೆ ಮೊದಲೇ ಹೇಳಿದ್ದರು.

ನಾನು ಹಾಗೇ ಇಟ್ಟೆ. ಕಾರಣ ನನ್ನ ಮಗಳು. ದಹಿಸರ್‌ನಲ್ಲೇ ಹುಟ್ಟಿ ಬೆಳೆದ ಅವಳದು ತಡವರಿಸುವ, ಅರ್ಧ ಹಿಂದಿಯ ಕನ್ನಡ. ಡೈನೋಸಾರುಗಳ ಹೆಸರನ್ನು ಮಾತ್ರ ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಅವಳು ತಪ್ಪು ಹಿಡಿಯದಂತೆ ಬರೆಯಬೇಕು ಅನ್ನುವುದು ನನ್ನ ಹಟವಾಗಿತ್ತು.

ಅಜ್ಜಿಗೆ ದನಿ ಕೊಡಲು ಬಂದವರು ಬೈಕುಲ್ಲಾದಿಂದ. ಮೂಲತಃ ವಿಜಯಪುರದ ಕಡೆಯವರು, ವಯಸ್ಸು ಅರವತ್ತರ ಆಸುಪಾಸು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಸ್ಟುಡಿಯೊದಲ್ಲಿ ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಅಲ್ಲಿಯವರೆಗೆ ಜಾಹೀರಾತಿನ ಅತ್ತೆ, ಸಂತೆಯ ಗದ್ದಲ, ಇಂಥವೇ ಸಿಕ್ಕಿದ್ದವು. ಇಡೀ ಸರಣಿಯ ಪಾತ್ರ ಇದೇ ಮೊದಲು. ಆಯ್ಕೆಗೆಂದು ಅವರು ಆಡಿದ ಒಂದು ತುಣುಕನ್ನು ಮೊಬೈಲಿನಲ್ಲಿ ಕೇಳಿಸಿದಾಗ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ರೆಕಾರ್ಡಿಂಗಿನಲ್ಲಿ ಹೆಸರು ಸಿಕ್ಕಿಹಾಕಿಕೊಂಡಿತು. ಪಾಕಿ ಶೆಫಾಲಿ ಅಂದರು, ಪಾಕಿಸಫಲಾ ಅಂದರು. ಒಮ್ಮೆ ಸರಿಯಾಗಿ ಬಂದಾಗ ತೆರೆಯ ಮೇಲಿನ ಅಜ್ಜಿ ಬಾಯಿ ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಮೊದಲು ಎಲ್ಲರೂ ನಕ್ಕೆವು, ಖಾಲಾ ಕೂಡ. ಆಮೇಲೆ ಯಾರೂ ನಗಲಿಲ್ಲ. ಚಹಾಕ್ಕೆ ಬಿಟ್ಟಾಗ ಅವರು ನನ್ನ ಪಕ್ಕ ಬಂದು ಕೂತರು.

"ಬೇಟಿ, ಈ ಹೆಸರು ಸ್ವಲ್ಪ ಸಣ್ಣದು ಮಾಡಾಕ ಬರೂದಿಲ್ಲೇನು? ದಪ್ಪತಲಿ ಅಜ್ಜಿ ಅಂದ್ರ ಮಕ್ಕಳಿಗೂ ತಿಳೀತೈತಿ."

ಚೆನ್ನಾಗಿಯೇ ಇತ್ತು. ನನಗೆ ಹೊಳೆಯಬೇಕಾಗಿದ್ದ ಮಾತು ಅವರಿಗೆ ಹೊಳೆದಿತ್ತು, ಬಹುಶಃ ಅದೇ ಚುಚ್ಚಿತು. "ನನ್ನ ಕೈಲಿಲ್ಲ ಖಾಲಾ," ಅಂದೆ. "ಕಂಪನಿಯವರು ಹೀಗೇ ಇರಬೇಕು ಅಂದಿದ್ದಾರೆ."

ಅವರು ತಲೆಯಾಡಿಸಿ ಒಳಗೆ ಹೋದರು. ಮರುದಿನವೂ ಬಂದರು, ಮನೆಯಲ್ಲಿ ಕಲಿತುಕೊಂಡು ಬಂದಿದ್ದರು, ಮೈಕಿನ ಮುಂದೆ ನಾಲಿಗೆ ಮತ್ತೆ ತೊಡರಿತು. ನಿರ್ದೇಶಕರು ಬೇರೊಬ್ಬ ಹುಡುಗಿಯನ್ನು ಕರೆಸಿದರು. ಹುಡುಗಿ ಹೆಸರನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿ, ಮುದುಕಿಯ ದನಿ ತೆಗೆದು ಕೆಲಸ ಮುಗಿಸಿದಳು. ನಾನು ಗಾಜಿನ ಈಚೆ ಕೂತು ತುಟಿ ಹೊಂದುತ್ತಿದೆ ಎಂದು ಗುರುತು ಹಾಕಿದೆ.

ಸರಣಿ ಟಿವಿಯಲ್ಲಿ ಬಂದಾಗ ಮಗಳು ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ವೋ ಮೊಬೈಲ್ ವಾಲೀ ಅಜ್ಜಿ ಎಲ್ಲಿ?" ಎಂದಳು. ಹೆಸರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಿಲ್ಡಿಂಗಿನ ಮಕ್ಕಳೆಲ್ಲ ಆ ಪ್ರಾಣಿಯನ್ನು ಟಕ್ಕರ್‌ವಾಲಿ, ಡಿಕ್ಕಿ ಹೊಡೆಯುವವಳು, ಅನ್ನುತ್ತಿದ್ದರು, ಅವರ ಜೊತೆ ಇವಳೂ. ಸ್ಟೇಷನ್ ಹೊರಗೆ ಮಾರುವ ಗೊಂಬೆಯ ಡಬ್ಬಿಯ ಮೇಲೆ ಬರೀ ಡೈನೋ ಅಂತಿತ್ತು. ಆ ಉದ್ದ ಹೆಸರು ಬೇಕಾಗಿದ್ದದ್ದು ನನಗೊಬ್ಬಳಿಗೆ.

ಹೋದ ತಿಂಗಳು ಬೈಕುಲ್ಲಾಗೆ ಹೋದೆ. ಮಾರ್ಕೆಟ್ ಹಿಂದಿನ ಚಾಳಿನಲ್ಲಿ ಖಾಲಾ ಮನೆ. ನನ್ನನ್ನು ಕಂಡು ಗಾಬರಿಯಾದರು, ಚಹಾ ಇಟ್ಟರು, ಮಗಳು ಯಾವ ಇಯತ್ತೆ ಎಂದು ವಿಚಾರಿಸಿದರು. ಕಪ್ಪು ಕೈಗೆ ಬರುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ: ಕಂಪನಿ ಏನೂ ಹೇಳಿರಲಿಲ್ಲ, ಬದಲಾಯಿಸುವುದು ನನ್ನ ಕೈಯಲ್ಲೇ ಇತ್ತು, ಬದಲಾಯಿಸಲಿಲ್ಲ.

ಅವರು ಗ್ಯಾಸು ಸಣ್ಣ ಮಾಡಿದರು.

"ಆವತ್ತ ಹೇಳಿದ್ರ ನಾ ನಿನ್ನ ಕೂಡ ಜಗಳಾ ಮಾಡ್ತಿದ್ನಿ," ಅಂದರು. "ಕಂಪನಿ ಕೂಡ ಏನ್ ಜಗಳಾ ಮಾಡ್ಲಿ ಅಂತ ಸುಮ್ನಾದ್ನಿ."

ಚಹಾ ಕುಡಿದೆವು. ಹೊರಡುವಾಗ ಬಾಗಿಲವರೆಗೆ ಬಂದು, ಮುಂದಿನ ಭಾಗ ಮಾಡುತ್ತಾರೇನು, ಆ ಅಜ್ಜಿ ಅದರಲ್ಲೂ ಇರುತ್ತಾಳೇನು ಎಂದು ಕೇಳಿದರು. ಇರುತ್ತಾಳೆ, ನಿರ್ದೇಶಕರ ಹತ್ತಿರ ಮಾತಾಡಿ ಫೋನ್ ಮಾಡುತ್ತೇನೆ ಅಂದೆ.

ಮಾತಾಡಿದೆ. ನಡೆದದ್ದನ್ನೂ ಮುಚ್ಚಿಡಲಿಲ್ಲ. ನಿರ್ದೇಶಕರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಮಕ್ಕಳ ಕಿವಿಗೆ ಈಗಿನ ದನಿ ಕೂತಿದೆ, ಅರ್ಧದಲ್ಲಿ ಬದಲಾಯಿಸಲು ಆಗುವುದಿಲ್ಲ, ಸಣ್ಣಪುಟ್ಟ ಪಾತ್ರವಿದ್ದರೆ ನೋಡೋಣ ಎಂದರು.

ಖಾಲಾಗೆ ನಾನಿನ್ನೂ ಫೋನ್ ಮಾಡಿಲ್ಲ. ನಿನ್ನೆ ಅವರದೇ ಒಂದು ಮಿಸ್ಡ್ ಕಾಲ್ ಇತ್ತು.