ರಮಾಕಾಂತ ರಾಯರ ಪರದೇಶದ ನೆಂಟರು

ಡೊಂಬಿವಲಿ ಸ್ಟೇಷನ್ನಿನ ಎದುರು ಸಸ್ಯಾಹಾರಿ ಹೋಟೆಲು ನಡೆಸುವ ರಮಾಕಾಂತ ರಾಯರಿಗೆ ಹಾಡು, ಹೊಡೆದಾಟದ ಸಿನಿಮಾ ಆಗಿಬರುವುದಿಲ್ಲ. ಅವರದೇನಿದ್ದರೂ ಕತ್ತೆಯೊಂದು ಗುಡ್ಡ ಹತ್ತುವುದನ್ನೇ ಅರ್ಧ ಗಂಟೆ ತೋರಿಸುವ ಪರದೇಶದ ಚಿತ್ರಗಳು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಶಟರ್ ಅರ್ಧ ಎಳೆದು, ಡಿವಿಡಿ ಹಾಕಿ, ಹೆಂಡತಿ ಶ್ರೀಮತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಕತ್ತೆ ಗುಡ್ಡದ ಬುಡ ಬಿಡುವ ಮೊದಲೇ ಆಕೆಗೆ ನಿದ್ದೆ. "ಮಲಗು, ಒಳ್ಳೆ ಪಿಕ್ಚರಿಗೇ ಒಳ್ಳೆ ನಿದ್ದೆ ಬರೂದು" ಎನ್ನುತ್ತಾರೆ ರಾಯರು. ನಿರ್ದೇಶಕರೆಲ್ಲ ಅವರಿಗೆ ನೆಂಟರು: ಇರಾನಿನ ಮಾವ, ಜಪಾನಿನ ಭಾವ, ಪೋಲೆಂಡಿನ ಅಜ್ಜ. ಇಂಥ ನೆಂಟಸ್ತಿಕೆ ನಾನು ಬೇರೆಲ್ಲೂ ಕಂಡಿಲ್ಲ. ಮಾವನಿಗೆ ಎಲ್ಲೋ ಬಹುಮಾನ ಬಂದರೆ ದಿನಾ ಮಾಡುವ ಶೀರಾ ಅಂದು ಇಲ್ಲಿ ಬಂದವರಿಗೆಲ್ಲ ಪುಕ್ಕಟೆ. "ಅಣ್ಣಾ, ಮಗ ಪಾಸಾದನಾ?" ಎಂದು ಗಿರಾಕಿಗಳು ಕೈಕುಲುಕಿ ತಿನ್ನುತ್ತಾರೆ. ಪೋಲೆಂಡಿನ ಅಜ್ಜ ತೀರಿಕೊಂಡ ದಿನ ಮಾತ್ರ ರಾಯರು ಗಲ್ಲಾದಲ್ಲಿ ಕೂರಲಿಲ್ಲ. ಅವರ ಜಾಗದಲ್ಲಿ ಶ್ರೀಮತಿ ಕೂತಿದ್ದರು; ರಾಯರು ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. "ಯಾರು ಹೋದದ್ದು?" ಎಂದು ಗಿರಾಕಿಗಳು ತಗ್ಗಿದ ದನಿಯಲ್ಲಿ ಕೇಳಿದರು. ಒಂದು ಸಿನಿಮಾವನ್ನೂ ಕೊನೆತನಕ ನೋಡದ ಆಕೆ ಹೇಳಿದರು: "ನಮ್ಮ ಅಜ್ಜ, ಮಾರಾಯ್ರೆ. ಹಾಗಾಗಿ ಇವತ್ತು ಶೀರಾ ಮಾಡ್ಲಿಲ್ಲ."