ಟೋಪಿಯೊಳಗಿನ ಏಳನೆಯ ಚೀಟಿ

ರಾಯ್ಸ್ ಪೆಂಗೆಲಿ ನಮ್ಮ ಕ್ಲೆಮ್‌ನನ್ನು ಎಲ್ಲರೆದುರು ಸುಳ್ಳ ಎಂದ. ಇಪ್ಪತ್ತು ವರ್ಷವಾಯಿತು, ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಅದೂ ‘ವೆಟ್’ ಎಂಬ ಒಂದು ಚಿಕ್ಕ ಮಾತಿಗೆ.

ನಾವು ದಿನಕ್ಕೆ ಹತ್ತಾರು ಸಲ ಆಡುವ ಮಾತು ಅದು. ಮಳೆಗೆ ಒದ್ದೆಯಾದ ಅಂಗಿ ವೆಟ್, ಹೊಸದಾಗಿ ಬಣ್ಣ ಬಳಿದ ಬಾಗಿಲು ವೆಟ್, ಎದೆಗಾರಿಕೆ ಇಲ್ಲದ ಗಂಡಸೂ ವೆಟ್. ಆದರೆ ಬರ್ಕ್ ಊರಿನ ಕಡೆಯ ನಮ್ಮ ಉಣ್ಣೆ ಕತ್ತರಿಸುವ ಶೆಡ್ಡುಗಳಲ್ಲಿ ಅದು ತೀರ್ಪು. ಮಳೆ ಬಂದ ಮರುದಿನ ಒಬ್ಬೊಬ್ಬರೂ ಎರಡೆರಡು ಕುರಿಯ ಉಣ್ಣೆ ತೆಗೆದು ನೋಡಿ, ಒದ್ದೆಯಿದ್ದರೆ ‘ವೆಟ್’, ಒಣಗಿದ್ದರೆ ‘ಡ್ರೈ’ ಎಂದು ಚೀಟಿ ಬರೆದು ಟೋಪಿಗೆ ಹಾಕುತ್ತೇವೆ. ವೆಟ್ ಹೆಚ್ಚಾದರೆ ಅಂದು ಕೆಲಸವಿಲ್ಲ, ಕೂಲಿಯೂ ಇಲ್ಲ. ಒದ್ದೆ ಕುರಿ ತಬ್ಬಿಕೊಂಡು ದುಡಿದರೆ ಕೀಲು ಹಿಡಿಯುತ್ತದೆ, ಜ್ವರ ಬರುತ್ತದೆ.

ಆ ಗುರುವಾರ ಕ್ಲೆಮ್ ಟ್ಯಾರಂಟ್‌ಗೆ ಡ್ರೈ ಬೇಕಿತ್ತು. ಶನಿವಾರ ಬೆಳಿಗ್ಗೆ ದೂರದ ಡಬ್ಬೊ ಪಟ್ಟಣದಲ್ಲಿ ಅವನ ಒಬ್ಬಳೇ ಮಗಳ ಮದುವೆ. ನಮ್ಮ ಏಳು ಜನಕ್ಕೂ ಇದ್ದದ್ದು ಒಂದೇ ವ್ಯಾನು; ಶುಕ್ರವಾರ ಕೆಲಸ ಮುಗಿದರಷ್ಟೇ ಅದು ಹೊರಡುವುದು. ಒಂದು ದಿನ ತಪ್ಪಿದರೆ ಕೆಲಸ ಶನಿವಾರಕ್ಕೆ ಬೀಳುತ್ತಿತ್ತು.

ಚೀಟಿ ಓದಿದವನು ನಾನೇ. ಮೂರು ಡ್ರೈ, ಮೂರು ವೆಟ್. ಏಳನೆಯದು ವೆಟ್.

ಕುರಿಗಳ ಒಡೆಯ ಪೆಂಗೆಲಿ ಒಳಗೆ ನುಗ್ಗಿದ. “ಲೇ ಕ್ಲೆಮ್, ಕುರಿ ಒಣಗಿ ನಿಂತಿವೆ, ವೆಟ್ ಅಂತ ಬರೆಯೋಕೆ ನೀನೇ ಇವ್ರಿಗೆಲ್ಲ ಹೇಳ್ಕೊಟ್ಟಿದೀಯ. ಸೋಮಾರಿ! ಸುಳ್ಳ!”

ನಾನು ಮುಷ್ಟಿ ಎತ್ತಿದೆ. ಕ್ಲೆಮ್ ಹಿಂದಿನಿಂದ ನನ್ನ ಬೆಲ್ಟು ಹಿಡಿದೆಳೆದ. “ಕೂತ್ಕೊಳ್ಳೋ ಡಾರ್ಸಿ. ಚಾ ಆರ್ತಾ ಇದೆ.”

ಪೆಂಗೆಲಿ ಹೋದಮೇಲೆ ಕ್ಲೆಮ್‌ನನ್ನೇ ಹಿಡಿದುಕೊಂಡೆ. “ಮಗಳ ಮದ್ವೆ ಕಣೋ! ನೀನು ಏನ್ ಬರ್ದಿದ್ದೆ?”

“ನನ್ನ ಎರಡು ಕುರಿನೂ ಒದ್ದೆ ಇದ್ವು.”

“ಡ್ರೈ ಅಂತ ಗೀಚಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?”

“ಮರ್ವ್‌ದು ಹೋಗ್ತಿತ್ತು.”

ಹಿಂದಿನ ವರ್ಷ ಬೇರೊಂದು ಶೆಡ್ಡಿನಲ್ಲಿ ಒದ್ದೆ ಕುರಿ ಕತ್ತರಿಸಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಮರ್ವ್, ಮೂಲೆಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ. ನಾನು ಕ್ಲೆಮ್‌ನನ್ನು ಬಿಟ್ಟು ನನ್ನ ಚಾ ಎತ್ತಿಕೊಂಡೆ.

ಶನಿವಾರ ಆ ಹುಡುಗಿ ಚಿಕ್ಕಪ್ಪನ ತೋಳು ಹಿಡಿದು ಚರ್ಚಿನೊಳಗೆ ನಡೆದಳು. ಆ ಹೊತ್ತಿಗೆ ಕ್ಲೆಮ್ ಬಿಸಿಲಿಗೆ ಒಣಗಿದ ಪೆಂಗೆಲಿಯ ಕುರಿಗಳ ಮೇಲೆ ಬಗ್ಗಿದ್ದ. ಕೈ ಎಂದಿನಂತೆಯೇ ಓಡುತ್ತಿತ್ತು. ಒಂದು ಕುರಿಗೂ ಗೀರು ಬೀಳಲಿಲ್ಲ. ಅಂಥವನ ಪಕ್ಕದಲ್ಲಿ ನಿಂತು ದುಡಿದೆನಲ್ಲ, ನನಗೆ ಅದೇ ಸಾಕು.

ಕ್ಲೆಮ್‌ಗೆ ಮಗಳ ಮದುವೆ ತಪ್ಪಿದ ಸುದ್ದಿ ಆಮೇಲೆ ಪೆಂಗೆಲಿಯ ಕಿವಿಗೂ ಬಿತ್ತು. ಮರುವರ್ಷ ಅವನು ಬೇಲಿಯಾಚೆಯಿಂದ ಕೇಳಿದ, “ಏನ್ ಕ್ಲೆಮ್, ಈ ಸಲ ಡ್ರೈ ತಾನೇ?”

“ಕುರಿ ಇನ್ನೂ ಮುಟ್ಟಿಲ್ವಲ್ಲಪ್ಪ.”

ಪೆಂಗೆಲಿ ನೆಲ ನೋಡಿದ. ತುಟಿ ಅಲ್ಲಾಡಿದ್ದನ್ನು ನಾನು ಕಂಡೆ. ‘ತಪ್ಪಾಯ್ತು’ ಮಾತ್ರ ಹೊರಗೆ ಬರಲಿಲ್ಲ. ಈಗ ಇಬ್ಬರೂ ಬರ್ಕ್‌ನ ಸ್ಮಶಾನದಲ್ಲಿ ಒಂದೇ ಸಾಲಿನಲ್ಲಿ ಮಲಗಿದ್ದಾರೆ. ಆ ಬಾಕಿ ಹಾಗೇ ಇದೆ.